ಷಡ್ಡಕ ಹಂಚಿದ ಜಾಗ

ಕರೆಂಟು ಹೋಗಬಹುದಿತ್ತು. ನೆಟ್‌ವರ್ಕು ಮಾವನ ಊರು ದೇವರಾಯಸಮುದ್ರದ ಕೆರೆ ಏರಿಯ ಆಚೆಗೇ ನಿಂತುಬಿಡಬಹುದಿತ್ತು. ಕೋತಿ ವೈರು ಕೀಳಬಹುದಿತ್ತು. ಒಬ್ಬಟ್ಟಿನ ತುಪ್ಪ ಲ್ಯಾಪ್‌ಟಾಪಿಗೆ ಚೆಲ್ಲಿ, ಕಂಪನಿ ಮುಳುಗಿ, ನನ್ನ ಷಡ್ಡಕನ ಕೆಲಸ ಹೋಗಿ, ಅವನು ಹೆಂಡತಿ ಸಮೇತ ಕೋಲಾರದ ನಮ್ಮ ಮನೆಗೇ ಬಂದು ಕೂರಬಹುದಿತ್ತು! ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ನಿಜ ಹೇಳಲೇ? ಕೊನೆಯದೊಂದು ಬಿಟ್ಟು ಮಿಕ್ಕಿದ್ದರಲ್ಲಿ ಒಂದಾದರೂ ಆಗಲಿ ಎಂಬ ಆಸೆಯೂ ಇತ್ತು.

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಕಣ್ಣಿಗೆ ಕಾಣದ ಯಂತ್ರಗಳಿಗೆ ವಿಳಾಸ ಹಂಚಿ ಸಂಬಳ ಎಣಿಸುವ ಮಹಾನುಭಾವ! ಯಂತ್ರಗಳು ಎಲ್ಲೋ ಕ್ಲೌಡಿನಲ್ಲಿವೆಯಂತೆ. ಭಾನುವಾರ ಮಾವನ ಮನೆಗೆ ಊಟಕ್ಕೆ ಬಂದವನು, ಅವಕ್ಕೆ ಹೊಸದಾಗಿ ಡಿಎಚ್‌ಸಿಪಿ, ಡಿಎನ್‌ಎಸ್ ಕೂರಿಸಬೇಕೆಂದು ಪಡಸಾಲೆಯ ಮೂಲೆ ಹಿಡಿದ.

“ಏನಪ್ಪಾ ಹಂಗಂದ್ರೆ?” ಎಂದೆ.

“ಪಂಕ್ತಿ ಊಟ ಇದ್ದಂಗೆ ಅಣ್ಣ. ಬಂದೋರಿಗೆ ಖಾಲಿ ಎಲೆ ತೋರ್ಸೋದು ಡಿಎಚ್‌ಸಿಪಿ. ಹೆಸ್ರು ಹೇಳಿದ್ರೆ, ಅವ್ರು ಎಲ್ಲಿ ಕೂತವ್ರೆ ಅಂತ ಹೇಳೋದು ಡಿಎನ್‌ಎಸ್. ಮಾವನಂಥೋರಿಗೆ ಜಾಗ ಫಿಕ್ಸು.”

ಮಾವ ತಲೆದೂಗಿದರು. ನನ್ನ ನೌಕರಿಯ ಬಗ್ಗೆ ಒಂದು ದಿನವಾದರೂ ತಲೆ ಅಲ್ಲಾಡಿಸಿದ್ದುಂಟೇ? ನನಗೆ ಹೊಸ ಚಿಂತೆ ಹತ್ತಿತು. ಮದುವೆಯಾದಾಗಿನಿಂದ ಮಾವನ ಪಕ್ಕದ ಎಲೆ ಹಿರಿಯಳಿಯನಾದ ನನ್ನದು. ಈ ಹಂಚಿಕೆದಾರ ಅದಕ್ಕೂ ಕೈಹಾಕಿದರೆ?

ಯಂತ್ರಗಳಿಗೆಲ್ಲ ನೆಂಟರ ಹೆಸರಿಟ್ಟಿದ್ದ. ಮುಖ್ಯವಾದದ್ದು ಮಾವನ ಹೆಸರಿನದು.

“ನಂದು ಯಾವುದೋ?”

“ಸ್ಟ್ಯಾಂಡ್‌ಬೈ ಅಣ್ಣ. ಸುಮ್ನೆ ಕೂತಿರುತ್ತೆ. ಮಾವ ಬಿದ್ರೆ ಎದ್ದು ಹಿಡ್ಕೊಳ್ಳುತ್ತೆ.”

“ಸುಮ್ನೆ ಕೂರೋದೇನೋ ಸರಿಯಾಗೇ ಹೇಳ್ದ!” ಅಡುಗೆಮನೆಯಿಂದ ನನ್ನವಳ ದನಿ.

ಎಲ್ಲ ಮುಗಿಸಿ, ಒಂದೊಂದೇ ಹೆಸರನ್ನು ಜೋರಾಗಿ ಓದುತ್ತಾ ಪರೀಕ್ಷೆ ಮಾಡಿದ. ಒಂದೊಂದೇ ಯಂತ್ರ ಪರದೆಯ ಮೇಲೆ ಹಸಿರಾಯಿತು. ಅತ್ತೆಯ ಹೆಸರು ಓದಿದಾಗ ಅತ್ತೆ ಸೌಟು ಹಿಡಿದೇ ಓಡಿಬಂದರು: “ಏಮಿ ನಾಯನಾ, ನನ್ನ ಕೂಗಿದ್ಯಾ?”

ಊಟಕ್ಕೂ ಅವನದೇ ಯಜಮಾನಿಕೆ. ಎಲೆ ಹಾಕಿ ಎಲ್ಲರನ್ನೂ ಕರೆಕರೆದು ಕೂರಿಸಿದ. ನಾನು ಓಡಿ ಮಾವನ ಪಕ್ಕ ಕುಕ್ಕರಿಸಿದೆ.

“ಯಾಕಣ್ಣ ಓಡ್ತೀರಾ? ಅದು ನಿಮ್ದೇ. ಬೇರೆಯೋರಿಗೆ ಕೊಡ್ತೀನಾ?” ಎಂದ.

ಹೊಟ್ಟೆಕಿಚ್ಚು ಪಡಲೂ ಬಿಡದ ಮನುಷ್ಯ!

ಬಡಿಸಿದ್ದಾಯಿತು. ಅವನೊಬ್ಬ ಮಾತ್ರ ನೀರಿನ ಚೊಂಬು ಹಿಡಿದು ಪಂಕ್ತಿಯ ಉದ್ದಕ್ಕೂ ಕಣ್ಣಾಡಿಸುತ್ತಾ ನಿಂತಿದ್ದ. ಎಲೆ ಉಳಿದಿರಲಿಲ್ಲ. ಮೂಲೆಯ ಲ್ಯಾಪ್‌ಟಾಪಿನಲ್ಲೂ ಒಂದು ಹೆಸರು ಕೆಂಪಾಗಿಯೇ ಉಳಿದಿತ್ತು. ಅವನದೇ ಹೆಸರಿನ ಯಂತ್ರ.

“ನಂದು ಸೇರ್ಸೋದೇ ಮರ್ತೆ ಅಣ್ಣ,” ಎಂದು ನಕ್ಕ.

ಅಷ್ಟೆಲ್ಲ ಚಿಂತೆ ಮಾಡಿದ ದಿನ ಕೆಟ್ಟದ್ದು ಅದೊಂದೇ.

“ಲೇ, ಬಾರೋ ಇಲ್ಲಿ,” ಎಂದು ಮಾವನ ಪಕ್ಕದಿಂದ ಒಂದು ಎಲೆಯಷ್ಟು ಜರುಗಿ ಕೂತೆ.