ವಿಭೂತಿಯ ಕೆಳಗಿನ ಗಣಿತ

ನನಗೆ ಗಣಿತ ಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಪಡುವ ವಯಸ್ಸು ಎಂದೋ ದಾಟಿತು. ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ಹೇಳಿ ನೋಡಿ, ಜನ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಗಣಿತ ಬರುವುದಿಲ್ಲ ಎಂದರೆ ‘ನನಗೂ ಅಷ್ಟ ನೋಡ್ರಿ’ ಎಂದು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಗೋಪನಕೊಪ್ಪದಲ್ಲಿ ನನಗಿರುವ ಗೆಳತಿಯರಲ್ಲಿ ಅರ್ಧ ಮಂದಿ ಹೀಗೆ ಸಿಕ್ಕವರೇ. ತೊಂದರೆ ಶುರುವಾದದ್ದು ನಲವತ್ಮೂರನೆಯ ವಯಸ್ಸಿನಲ್ಲಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಬೇಕು ಎಂದು ನನ್ನ ತಲೆಗೆ ಬಂದಾಗ.

ಅದು ತಲೆಗೆ ಬರಲು ಕಾರಣ ನನ್ನ ಮೈದುನ ಗಂಗಾಧರ. ನಮ್ಮ ಮನೆಯ ಮುಂಭಾಗದಲ್ಲೇ ಅವನ ಕಾಳುಕಡಿ ಅಂಗಡಿ ಇದೆ. ಮನುಷ್ಯ ಒಳ್ಳೆಯವನು. ನನಗೆ ಟೈಫಾಯಿಡ್ ಆದಾಗ ಇಪ್ಪತ್ತು ದಿನ ತಪ್ಪದೆ ಎಳನೀರು ತಂದುಕೊಟ್ಟಿದ್ದಾನೆ. ಆದರೆ ಬೆಲೆಯ ಮಾತು ಬಂತೋ, ಅವನು ಬೇರೆಯೇ ಮನುಷ್ಯ. ತೊಗರಿಬೇಳೆ ಯಾಕೆ ಏರಿತು, ಕಡಲೆ ಯಾಕೆ ಇಳಿಯಿತು ಎಂದು ಕೇಳಿದರೆ, ತಕ್ಕಡಿಯಿಂದ ಕಣ್ಣು ಎತ್ತದೆ ‘ಅದು ನಿಮಗ ತಿಳಿಯೂದಿಲ್ಲ, ಬಿಡ್ರಿ ವೈನಿ’ ಎನ್ನುತ್ತಾನೆ. ಒಂದು ಸಲ ಬೇಳೆ ದಸರೆಗೆ ನೂರಕ್ಕೆ ಇಪ್ಪತ್ತು ಏರಿ, ಸಂಕ್ರಾಂತಿಗೆ ನೂರಕ್ಕೆ ಇಪ್ಪತ್ತು ಇಳಿದಾಗ, ‘ಏರಿದಷ್ಟ ಇಳದೇತಿ, ಲೆಕ್ಕ ಸಮ ಆತು’ ಎಂದು ಗಿರಾಕಿಗಳ ಮುಂದೆ ಅಪ್ಪಣೆ ಕೊಡಿಸಿದ. ಅದರಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಅನಿಸಿತು. ಏನು ಎಂದು ಹೇಳಲು ಬರಲಿಲ್ಲ. ‘ಬಿಡ್ರಿ ವೈನಿ’ ಎಂದ. ಮದುವೆಯಾಗಿ ಹತ್ತೊಂಬತ್ತು ವರ್ಷ ನಾನು ಬಿಡುತ್ತಲೇ ಬಂದಿದ್ದೇನೆ. ಈ ಸಲ ಬಿಡಬಾರದು ಎನಿಸಿತು. ಬಿ.ಎ.ಯಲ್ಲಿ ಕನ್ನಡ, ಇತಿಹಾಸಗಳ ಜೊತೆ ಅರ್ಥಶಾಸ್ತ್ರವನ್ನೂ ಓದಿದವಳು ನಾನು. ಆಗ ಬೇಡಿಕೆ, ಪೂರೈಕೆ ಎಂದು ಎರಡು ಪುಟ ಬರೆದರೆ ಪಾಸಾಗುತ್ತಿತ್ತು, ಅಂಕಿಗಳು ಅಷ್ಟಾಗಿ ಕಾಡಿರಲಿಲ್ಲ.

ಈಗ ಕಾಲ ಬದಲಾಗಿದೆ. ಧಾರವಾಡದ ಆ ಸಂಸ್ಥೆಯ ಹೆಸರು ಬೇಡ, ಅದರ ತಪ್ಪೇನೂ ಇಲ್ಲ. ಪಿ.ಯು.ಸಿ.ಯಲ್ಲಾಗಲಿ ಪದವಿಯಲ್ಲಾಗಲಿ ಗಣಿತ ಓದದವರು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಲವತ್ತೈದಾದರೂ ತೆಗೆದಿರಬೇಕು, ಇಲ್ಲದಿದ್ದರೆ ವಿಭಾಗದವರು ಕೊಡುವ ಹತ್ತು ಪ್ರಶ್ನೆಗಳ ಪರೀಕ್ಷೆಯಲ್ಲಿ ಐದಕ್ಕೆ ಸರಿಯುತ್ತರ ಬರೆಯಬೇಕು ಎಂದು ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಬಂದದ್ದು ಮೂವತ್ತೈದು, ಅಂದರೆ ಪಾಸು ಮಾಡಲೇಬೇಕು ಎಂದು ಯಾರೋ ಪುಣ್ಯಾತ್ಮರು ಮನಸ್ಸು ಮಾಡಿದರೆ ಬರುವಷ್ಟು. ಅಷ್ಟೇ ಎಂದು ನನ್ನ ನೆನಪು. ನೆನಪನ್ನೇ ನಂಬಬೇಕಾಗಿ ಬಂದದ್ದಕ್ಕೂ ಒಂದು ಕಥೆಯಿದೆ.

ನಮ್ಮ ತವರಿನಲ್ಲಿ ಯಾವ ಹೊಸ ಕಾಗದ ಬಂದರೂ ಮೊದಲು ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚುತ್ತಿದ್ದರು. ಹೊಲದ ಪಹಣಿಯ ಉತಾರ, ರೇಶನ್ ಕಾರ್ಡು, ಅಪ್ಪನ ಹೊಸ ಸೈಕಲ್ಲಿನ ರಸೀತಿ, ಯಾವುದಕ್ಕೂ ರಿಯಾಯಿತಿ ಇರಲಿಲ್ಲ. ನನ್ನ ಅಂಕಪಟ್ಟಿ ಬಂದ ದಿನ ಅವ್ವ ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಿಂದ ಗಟ್ಟಿಯಾಗಿ ಎಳೆದಳು. ಮಗಳು ಪಾಸಾದ ಖುಷಿಗೆ ಸ್ವಲ್ಪ ಜಾಸ್ತಿಯೇ ಆಯಿತು. ಅಂಕಪಟ್ಟಿ ಹಾಳಾದೀತು ಎಂದು ಎರಡು ಪಟ್ಟೆಗಳನ್ನು ನಾನೇ ಸೆರಗಿನಿಂದ ಒರೆಸಿದೆ. ಮೂರನೆಯದನ್ನು ಒರೆಸಲಿಲ್ಲ. ಅದು ಯಾವ ವಿಷಯದ ಸಾಲಿನ ಮೇಲೆ ಬಿದ್ದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಮರುದಿನವೇ ಅಪ್ಪ ಅದನ್ನು ಲ್ಯಾಮಿನೇಶನ್ ಮಾಡಿಸಿ ತಂದರು. ಅಂದಿನಿಂದ ನನ್ನ ಗಣಿತ ಪ್ಲಾಸ್ಟಿಕ್ಕಿನೊಳಗೆ, ವಿಭೂತಿಯ ಕೆಳಗೆ, ಯಾರ ಕಣ್ಣಿಗೂ ಬೀಳದೆ ಸುಖವಾಗಿತ್ತು.

ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಉಗುರಿನಿಂದ ಕೆರೆದರು.

“ಇದೇನ್ರಿ ಮೇಡಂ ಇಲ್ಲೆ?”

“ವಿಭೂತಿ ರೀ.”

“ಒರಸ್ರಿ.”

“ಒಳಗೈತ್ರಿ.”

ಅವರ ಹಣೆಯ ಮೇಲೂ ಮೂರು ಪಟ್ಟೆಗಳಿದ್ದವು. ಹಾಗಾಗಿ ಬೈಯುವಂತೆಯೂ ಇರಲಿಲ್ಲ. ಬೇರೆ ಪ್ರತಿ ತರಿಸಲು ತಿಂಗಳುಗಟ್ಟಲೆ ಬೇಕು, ಅರ್ಜಿಗೆ ಉಳಿದದ್ದು ಎರಡೇ ದಿನ. ಕೊನೆಗೆ ಅವರೇ ಒಂದು ಉಪಾಯ ಹೇಳಿದರು. ಉಳಿದ ಐದು ವಿಷಯಗಳ ಅಂಕ ಕಾಣುತ್ತವೆ, ಕೆಳಗೆ ಒಟ್ಟು ಮುನ್ನೂರ ಎಪ್ಪತ್ತೊಂದು ಎನ್ನುವುದೂ ಕಾಣುತ್ತದೆ. ಐದನ್ನೂ ಕೂಡಿಸಿ ಒಟ್ಟಿನಿಂದ ಕಳೆದರೆ ಉಳಿಯುವುದೇ ಗಣಿತ. ಅಷ್ಟು ಮಾಡಿ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ ಎಂದರು. ನನಗೆ ಗಣಿತ ಎಷ್ಟು ಬರುತ್ತದೆ ಎಂದು ತಿಳಿಯಲು ನಾನೇ ಗಣಿತ ಮಾಡಬೇಕಾಯಿತು.

ಮಾಡಿದೆ. ಹಿಂದೆ ಆರು ಜನ ಸಾಲಿನಲ್ಲಿ ನಿಂತಿದ್ದರು, ಎಲ್ಲರೂ ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವರು, ಅಷ್ಟೇ. ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು ಕೂಡಿಸಿದೆ, ಕಳೆದೆ. ನಲವತ್ತೈದು ಬಂತು. ಸರಿಯಾಗಿ ನಲವತ್ತೈದು. ಇಷ್ಟು ವರ್ಷ ನನ್ನ ನೆನಪು ನನಗೇ ಅನ್ಯಾಯ ಮಾಡಿತ್ತಲ್ಲ ಎಂದು ಕಣ್ಣು ತುಂಬಿ ಬಂದವು. ಗುಮಾಸ್ತರು ಹಾಳೆಯನ್ನು ಅರ್ಜಿಗೆ ಪಿನ್ನು ಮಾಡಿಕೊಂಡು ‘ಮುಂದಿನವರು ಬರ್ರಿ’ ಎಂದರು. ನಾನು ಹೊರಗೆ ಬಂದು ಮನೆಯವರಿಗೆ ಫೋನು ಮಾಡಿ ಗಣಿತಕ್ಕೆ ನಲವತ್ತೈದು ಇದೆ, ಸೀಟು ಸಿಕ್ಕ ಹಾಗೆಯೇ ಎಂದೆ. ಅರ್ಧ ಕಿಲೋ ಪೇಢೆಯನ್ನೂ ಕಟ್ಟಿಸಿಕೊಂಡೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸುಮ್ಮನೆ ಕೂರಬಹುದಿತ್ತು. ಖುಷಿಯಾದಾಗ ನಾನು ಸುಮ್ಮನೆ ಕೂರುವವಳಲ್ಲ. ಮದುವೆಯ ಫೋಟೋ ಮತ್ತೆ ನೋಡುವ ಹಾಗೆ, ಅದೇ ಲೆಕ್ಕವನ್ನು ಪೇಢೆ ಡಬ್ಬಿಯ ಮೇಲೆ ಇನ್ನೊಮ್ಮೆ ಮಾಡಿದೆ. ಐದು ವಿಷಯಗಳ ಬಿಡಿ ಅಂಕಿಗಳು ಎಂಟು, ಎರಡು, ಏಳು, ಎಂಟು, ಒಂದು ಸೇರಿ ಇಪ್ಪತ್ತಾರು. ಆರು ಬರೆದು ಕೈಯಲ್ಲಿ ಎರಡು. ಅಲ್ಲಿ ನಿಂತೆ. ಧಾರವಾಡದ ಕಿಟಕಿಯಲ್ಲಿ ನಾನು ಕೈಯಲ್ಲಿ ಒಂದೇ ಹಿಡಿದಿದ್ದೆ. ನವನಗರ ದಾಟುವಾಗ ಮೂವತ್ತೈದು ಬಂತು, ಉಣಕಲ್ ಕೆರೆ ಕಾಣುವ ಹೊತ್ತಿಗೆ ಮತ್ತೊಮ್ಮೆ ಮೂವತ್ತೈದು ಬಂತು. ನನ್ನ ಗಣಿತ ಕಚ್ಚಾ ಎಂಬ ಕಾರಣಕ್ಕೇ ನನ್ನ ಗಣಿತ ಪಕ್ಕಾ ಎಂದು ಕಾಗದ ಸಿದ್ಧವಾಗಿ ಹೋಗಿತ್ತು, ಅದೂ ನನ್ನ ಸಹಿಯೊಂದಿಗೆ.

ಮನೆಗೆ ಬಂದರೆ ಗಂಗಾಧರ ಅಂಗಡಿಯಿಂದ ಎದ್ದು ಬಾಗಿಲಿಗೇ ಬಂದ. ಡಬ್ಬಿಯನ್ನು ಕೈಯಿಂದ ತೆಗೆದುಕೊಂಡು, ಅದರ ಮೇಲಿದ್ದ ಲೆಕ್ಕವನ್ನು ನೋಡದೆಯೇ ಬಿಚ್ಚಿ, ‘ನಲವತ್ತೈದು ಅಂದ್ರ ಸಣ್ಣ ಮಾತಲ್ರಿ ವೈನಿ, ನಮ್ಮ ಮನ್ಯಾಗ ಗಣಿತಕ್ಕ ಅಷ್ಟ ತಗದವರು ಯಾರೂ ಇಲ್ಲ’ ಎಂದ. ಹತ್ತೊಂಬತ್ತು ವರ್ಷಗಳಲ್ಲಿ ಅವನು ನನ್ನನ್ನು ಹೊಗಳಿದ್ದು ಅದೇ ಮೊದಲು. ನನ್ನ ಪಾಲಿನ ಪೇಢೆಯನ್ನೂ ನಾನು ಅವನ ಕೈಗೇ ಇಟ್ಟೆ. ಸುಮ್ಮನಿದ್ದರೆ ಸೀಟೂ ಉಳಿಯುತ್ತದೆ, ಈ ಮರ್ಯಾದೆಯೂ ಉಳಿಯುತ್ತದೆ. ಆದರೆ ನೂರಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಅವನು ತಪ್ಪು ಎಂದು ತೋರಿಸಲು ಹೊರಟವಳು, ತಪ್ಪು ಲೆಕ್ಕದ ಮೇಲೆ ಹತ್ತಿ ಕುಳಿತು ಹೇಗೆ ತೋರಿಸುವುದು? ಬೆಳಿಗ್ಗೆ ಯಾರಿಗೂ ಹೇಳದೆ ಮತ್ತೆ ಧಾರವಾಡದ ಬಸ್ಸು ಹತ್ತಿದೆ.

ಗುಮಾಸ್ತರು ನನ್ನನ್ನು ಕಂಡು ಸಂತೋಷಪಡಲಿಲ್ಲ. ನಾನು ಕೈಯಲ್ಲಿ ಎರಡು, ಒಂದು ಎಂದೆಲ್ಲ ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟು ಹೇಳಿದರು: “ಇಪ್ಪತ್ತ ವರ್ಷಾತು ಈ ಕುರ್ಚ್ಯಾಗ ಕುಂತು. ಮಾರ್ಕ್ಸ್ ಕಮ್ಮಿ ಮಾಡ್ರಿ ಅಂತ ಬಂದವರು ನೀವ ಮೊದಲ ನೋಡ್ರಿ.” ಹಾಗೆಂದು ಬೈದುಕೊಂಡೇ ನನ್ನ ಹಾಳೆಯನ್ನು ಕಿತ್ತು ಕೊಟ್ಟು, ಹನ್ನೊಂದಕ್ಕೆ ಪರೀಕ್ಷೆ ಇದೆ, ಹೋಗಿ ಕೂರಿ ಎಂದರು.

ಆ ಹತ್ತು ಪ್ರಶ್ನೆಗಳ ಮುಂದೆ ನಾನು ಬೆವತದ್ದನ್ನು ವರ್ಣಿಸುವುದಿಲ್ಲ. ನಾಲ್ಕು ಪ್ರಶ್ನೆಗಳನ್ನು ಓದಿ ಹಾಗೆಯೇ ಬಿಟ್ಟೆ. ಉಳಿದ ಆರರಲ್ಲಿ ಐದನ್ನು ಬೆರಳು ಮಡಚಿ, ಬಿಚ್ಚಿ, ಮೂರು ಮೂರು ಸಲ ಮಾಡಿದೆ. ಒಂದನ್ನು ಮಾತ್ರ ನೋಡಿದ ಕೂಡಲೇ ಬರೆದೆ. ಒಂದು ಸಾಮಾನಿನ ಬೆಲೆ ನೂರಕ್ಕೆ ಇಪ್ಪತ್ತು ಏರಿ, ಆಮೇಲೆ ನೂರಕ್ಕೆ ಇಪ್ಪತ್ತು ಇಳಿದರೆ ಏನಾಗುತ್ತದೆ? ಪರೀಕ್ಷೆಯ ಗಡಿಬಿಡಿಯಲ್ಲಿ ನನ್ನ ಅನುಮಾನವೆಲ್ಲ ಎಲ್ಲಿ ಹೋಯಿತೋ, ಹತ್ತೊಂಬತ್ತು ವರ್ಷ ಕೇಳಿದ ದನಿಯೇ ಕಿವಿಯಲ್ಲಿ ಹೇಳಿತು. ‘ಸಮ’ ಎಂದು ಬರೆದೆ.

ಮಧ್ಯಾಹ್ನ ಅಧ್ಯಾಪಕಿಯೊಬ್ಬರು ಉತ್ತರಪತ್ರಿಕೆ ಕೊಟ್ಟರು. ನನ್ನ ತಂಗಿಯಷ್ಟು ಚಿಕ್ಕವರು. ಐದು ಸರಿ. ತಪ್ಪಾದದ್ದು ‘ಸಮ’ ಒಂದೇ. ಇಳಿಸುವಾಗ ನೂರಕ್ಕೆ ಇಪ್ಪತ್ತು ತೆಗೆಯುವುದು ಮೊದಲಿನ ನೂರರಿಂದಲ್ಲ, ಏರಿದ ನೂರಾ ಇಪ್ಪತ್ತರಿಂದ, ಉಳಿಯುವುದು ತೊಂಬತ್ತಾರು ಎಂದು ಅವರು ಸಮಾಧಾನದಿಂದ ತಿಳಿಸಿಕೊಟ್ಟರು. ಸೀಟು ಸಿಕ್ಕಿತು, ಆದರೆ ವಾರಕ್ಕೆ ಮೂರು ದಿನ ಬೆಳಿಗ್ಗೆ ಎಂಟಕ್ಕೆ ಬಂದು ಗಣಿತದ ವಿಶೇಷ ತರಗತಿಯಲ್ಲಿ ಕೂರಬೇಕು. ಪರೀಕ್ಷೆಯಲ್ಲಿ ತಪ್ಪು ಮಾಡಿ ಇಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಾರರು.

ಬಸ್ಸಿಳಿದವಳು ಮನೆಯೊಳಗೆ ಹೋಗದೆ ನೇರ ಅಂಗಡಿಗೆ ಹೋದೆ. ನಾಲ್ಕು ಜನ ಗಿರಾಕಿಗಳಿದ್ದರು. ಮೊದಲು ನಲವತ್ತೈದಲ್ಲ, ಮೂವತ್ತೈದು ಎಂದು ಒಪ್ಪಿಕೊಂಡೆ. ಆಮೇಲೆ, “ಗಂಗಾಧರ, ಅವತ್ತ ಬ್ಯಾಳಿ ಏರಿ ಇಳೀತಲ್ಲ, ಅದು ಸಮ ಆಗಂಗಿಲ್ಲ” ಎಂದೆ. ನೂರು, ನೂರಾ ಇಪ್ಪತ್ತು ಎಲ್ಲವನ್ನೂ ಹೇಳಿದೆ. ಅವನು ತಕ್ಕಡಿಯಿಂದ ಕಣ್ಣೆತ್ತಿ ನನ್ನನ್ನೇ ನೋಡಿದ. ‘ಬಿಡ್ರಿ’ ಎನ್ನಲಿಲ್ಲ. ಸ್ಟೂಲು ಎಳೆದು ಹಾಕಿ, ಒಂದು ಪೊಟ್ಟಣದ ಕಾಗದವನ್ನೂ ಕಿವಿಯ ಮೇಲಿನ ಪೆನ್ಸಿಲ್ಲನ್ನೂ ನನ್ನ ಮುಂದಿಟ್ಟ.

“ಹೇಳ್ರಿ ವೈನಿ. ಹಂಗಾರ ಈಗ ಕಿಲೋಕ್ಕ ನೂರಾ ಮೂವತ್ತೆಂಟ ಇದ್ದದ್ದು ಹಂಗ ಏರಿ ಇಳದ್ರ ಎಷ್ಟಕ್ಕ ಬಂದು ನಿಂದರತೈತಿ?”

ಹತ್ತೊಂಬತ್ತು ವರ್ಷ ನಾನು ಕಾಯುತ್ತಿದ್ದ ಮಾತು ಅದು. ಗಿರಾಕಿಗಳೂ ಕಾಗದದತ್ತ ಬಗ್ಗಿದರು. ನಾನು ಪೆನ್ಸಿಲ್ ಹಿಡಿದು ನೂರಾ ಮೂವತ್ತೆಂಟು ಎಂದು ಅಂದವಾಗಿ ಬರೆದೆ. ಅದರ ಕೆಳಗೊಂದು ಗೆರೆ ಎಳೆದೆ. ಎಂಟೆರಡಲೆ ಹದಿನಾರು, ಆರು ಬರೆದು ಕೈಯಲ್ಲಿ ಒಂದು. ಒಂದೋ ಎರಡೋ ಎಂದು ಮತ್ತೆ ಬೆರಳು ನೋಡಿಕೊಂಡೆ. ಆಮೇಲೆ ಪೆನ್ಸಿಲ್ ಕೆಳಗಿಟ್ಟು, ಇದು ಎರಡು ವರ್ಷದ ಕೋರ್ಸು, ಕ್ಲಾಸು ಸೋಮವಾರದಿಂದ ಎಂದು ಹೇಳಿ ಒಳಗೆ ನಡೆದೆ.