ಪೈಕ್ ಹಾಲೋ ಪಟ್ಟಣದ ಮಧ್ಯಾಹ್ನ ತಿದ್ದುಪಡಿ

ಪೈಕ್ ಹಾಲೋ ಪಟ್ಟಣದಲ್ಲಿ ಮಧ್ಯಾಹ್ನವೆಂಬುದು ದಿನಕ್ಕೊಮ್ಮೆ, ಅಗ್ನಿಶಾಮಕ ಠಾಣೆಯ ಮಾಡಿನ ಮೇಲಿನ ಸೈರನ್ ಕೂಗಿದಾಗ ಆಗತಕ್ಕದ್ದು. ಸೂರ್ಯ ನೆತ್ತಿಗೆ ಬರುವುದು ಭಗವಂತನಿಗೆ ಸೇರಿದ ವಿಷಯವಾದ್ದರಿಂದ ಪಟ್ಟಣ ಸಭೆ ಅದರಲ್ಲಿ ಕೈ ಹಾಕಿಲ್ಲ. ಮೇಲಾಗಿ ದೊಡ್ಡ ಸರೋವರದ ಪೂರ್ವ ದಂಡೆಯ ಆ ಊರಿನಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಸೂರ್ಯನನ್ನು ಕಂಡವರೂ ಕಡಿಮೆ. ಸೈರನ್ ಕೂಗಿತೆಂದರೆ ಊರವರು ಕೋಟು ತೊಟ್ಟು, ಕಾರು ಹತ್ತಿ, ಕ್ವಾರಿ ಗುಡ್ಡದ ಮೇಲಿರುವ ಬರ್ನೀಸಳ ಹೋಟೆಲಿಗೆ ಊಟಕ್ಕೆ ಹೋಗುತ್ತಾರೆ. ಮೂರು ತಲೆಮಾರಿನಿಂದ ನಡೆದುಬಂದ ಪದ್ಧತಿ.

ಊರಿನ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುವವಳು ಲವಿನಿಯಾ ಟೆಫ್ಟ್. ಹತ್ತೊಂಬತ್ತು ಚಳಿಗಾಲ ಕಂಡ ಕೈ. ಅವಳಿಗೆ ಹಿಮದ ಭಯವಿಲ್ಲ, ಹಿಮಗಾಳಿಯ ಭಯವುಂಟು. ಅದು ಸರೋವರದ ಮೇಲಿಂದ ಹೇಳದೆ ಕೇಳದೆ ಬರುತ್ತದೆ, ಅರ್ಧ ಗಂಟೆ ಇರುತ್ತದೆ, ಅಷ್ಟು ಹೊತ್ತೂ ತನ್ನ ಲಾರಿಯ ಮೂತಿಯೇ ತನಗೆ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಅತ್ತೆ ವಿನಿಫ್ರೆಡಳದು. ಎಂಬತ್ತನಾಲ್ಕು ವರ್ಷದ ಆ ಹೆಂಗಸು ದೋಣಿಯಷ್ಟು ಉದ್ದದ ಹಳೇ ಕಾರನ್ನು ತಾನೇ ಓಡಿಸಿಕೊಂಡು ಊಟಕ್ಕೆ ಹೋಗುವವಳು. ಒಂದು ದಿನವೂ ತಪ್ಪಿಸಿದವಳಲ್ಲ. ಸೊಸೆಯ ಮಾತನ್ನು ಒಂದು ದಿನವೂ ಕೇಳಿದವಳೂ ಅಲ್ಲ.

ಡಿಸೆಂಬರಿನಲ್ಲಿ ಪಟ್ಟಣ ಸಭೆ ನಾಗರಿಕರ ಸುರಕ್ಷತೆಯ ದೃಷ್ಟಿಯಿಂದ ಒಂದು ಪ್ರಕಟಣೆ ಹೊರಡಿಸಿತು: "ಹಿಮಗಾಳಿಯ ಸೂಚನೆ ದೊರೆತ ಕೂಡಲೇ ಠಾಣೆಯ ಸೈರನ್ ಕೂಗಿಸಲಾಗುವುದು. ಮನೆಯಲ್ಲಿರುವವರು ಮನೆಯಲ್ಲೇ ಇರತಕ್ಕದ್ದು. ರಸ್ತೆಯಲ್ಲಿರುವವರು ದೀಪ ಹಚ್ಚಿ, ವೇಗ ತಗ್ಗಿಸಿ, ಬ್ರೇಕನ್ನು ಒಮ್ಮೆಲೇ ತುಳಿಯದೆ, ಸಿಕ್ಕ ಮೊದಲ ತಿರುವಿನಲ್ಲಿ ಹೆದ್ದಾರಿ ಬಿಟ್ಟು ಇಳಿಯತಕ್ಕದ್ದು." ಊರಿಗೆ ಇದ್ದದ್ದು ಒಂದೇ ಸೈರನ್. ಅದಕ್ಕೆ ಬರುತ್ತಿದ್ದುದು ಒಂದೇ ಕೂಗು. ಇದನ್ನು ಯಾರೂ ಆಕ್ಷೇಪಿಸಲಿಲ್ಲ.

ಮೊದಲ ಹಿಮಗಾಳಿ ಒಂದು ಮಂಗಳವಾರ ಬೆಳಿಗ್ಗೆ ಬಂತು. ಸೈರನ್ ಸಕಾಲಕ್ಕೆ ಕೂಗಿತು. ಊರು ಸಕಾಲಕ್ಕೆ ಕಾರು ಹತ್ತಿತು. ಗುಡ್ಡ ಇಳಿಯುತ್ತಿದ್ದ ಲವಿನಿಯಾಳಿಗೆ ಆ ಬಿಳಿ ಕತ್ತಲೆಯಲ್ಲಿ ಎದುರಿಗೆ ಎರಡು ಮಸುಕು ದೀಪ ಕಂಡವು. ಪ್ರಕಟಣೆಯಲ್ಲಿ ಒಮ್ಮೆಲೇ ತುಳಿಯಬಾರದೆಂದಿದ್ದ ಬ್ರೇಕನ್ನು ಒಮ್ಮೆಲೇ ತುಳಿದಳು. ಲಾರಿ ಅಡ್ಡಕ್ಕೆ ಜಾರಿ, ಆ ದೀಪಗಳಿಂದ ಒಂದು ಮೊಳ ದೂರದಲ್ಲಿ ನಿಂತಿತು. ದೀಪಗಳ ಹಿಂದೆ ಅತ್ತೆ. ಅತ್ತೆಯ ಹಿಂದೆ ಮೂವತ್ತೊಂದು ಕಾರು.

"ಅತ್ತೆ, ಒಂಬತ್ತೂ ಮುಕ್ಕಾಲಿಗೆ ಎಲ್ಲಿಗೆ ಹೊರಟ್ರಿ?"

ವಿನಿಫ್ರೆಡ್ ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿದಳು. "ಊಟಕ್ಕೆ."

"ತಿಂಡಿ ತಿಂದು ಎರಡು ಗಂಟೆ ಆಗಿಲ್ಲ. ಹಸಿವಾಗಿದ್ಯಾ?"

"ಹಸಿವು ಅಂತ ಯಾರು ಹೇಳಿದ್ರು? ಮಧ್ಯಾಹ್ನ ಆಯ್ತು. ಕಿವಿ ಕೇಳಿಸಲ್ವಾ ನಿಂಗೆ?"

"ಅದು ಹಿಮಗಾಳಿ ಸೈರನ್ನು. ಮನೇಲಿರಿ ಅಂತ ಕೂಗಿದ್ದು."

"ಮನೇಲಿರಿ ಅನ್ನೋದಕ್ಕೆ ಊಟದ ಸೈರನ್ ಯಾಕೆ ಕೂಗಿಸ್ಬೇಕು?"

ಲವಿನಿಯಾ ಈ ಪ್ರಶ್ನೆಯನ್ನು ಪಟ್ಟಣ ಸಭೆಗೆ ಒಯ್ದಳು. ಹಿಮಗಾಳಿಗೆ ಬೇರೆ ಕೂಗು ಇರಲೆಂದು ಅವಳು ಅರ್ಜಿ ಕೊಟ್ಟಾಗ, ಬೇರೆ ಕೂಗಿಗೆ ಬೇರೆ ಸೈರನ್ ಬೇಕು, ಬೇರೆ ಸೈರನ್ನಿಗೆ ಬೇರೆ ಮಾಡು ಬೇಕು, ಒಂದು ಮಾಡಿಗೆ ಒಂದೇ ಸೈರನ್ನೆಂಬುದು ನಿಯಮ ಎಂದು ಅಧ್ಯಕ್ಷ ಆಂಬ್ರೋಸ್ ಡಿಲ್ ಸಮಾಧಾನದಿಂದ ತಿಳಿಸಿದ. ಹಾಗಾದರೆ ಊಟದ ಸೈರನ್ನನ್ನಾದರೂ ನಿಲ್ಲಿಸಿ ಎಂದಳು. ಬರ್ನೀಸ್ ಎದ್ದು ನಿಂತು ಕಣ್ಣೊರೆಸಿಕೊಂಡಳು. ಹಾಗಾದರೆ ಊಟದ ಪ್ರಾರ್ಥನೆಯನ್ನು ಯಾವಾಗ ಹೇಳಬೇಕೆಂದು ಪಾದ್ರಿಗಳು ಕೇಳಿದರು. ವಿಷಯವನ್ನು ಸಮಿತಿಗೆ ಒಪ್ಪಿಸಲಾಯಿತು.

ಸಮಿತಿ ಆರು ವಾರ ಅಧ್ಯಯನ ನಡೆಸಿತು. ಆ ಆರು ವಾರದಲ್ಲಿ ಏಳು ಹಿಮಗಾಳಿ ಬಂದವು, ಏಳು ಕಾರು ಚರಂಡಿಗಿಳಿದವು. ವರದಿಯ ಸಾರಾಂಶ ಹೀಗಿತ್ತು: "ಸೈರನ್ ಕೇಳಿದ ನೂರು ಮಂದಿಯಲ್ಲಿ ತೊಂಬತ್ತೆಂಟು ಮಂದಿ ತಕ್ಷಣ ಕಾರ್ಯಪ್ರವೃತ್ತರಾಗುತ್ತಾರೆ. ಇಂಥ ಶಿಸ್ತು ಸುತ್ತಲಿನ ಯಾವ ಊರಿನಲ್ಲೂ ಇಲ್ಲ." ಉಳಿದಿಬ್ಬರು ಕಿವುಡರೆಂದು ಅಡಿಟಿಪ್ಪಣಿಯಲ್ಲಿ ಸ್ಪಷ್ಟಪಡಿಸಲಾಗಿತ್ತು.

ಏಳನೆಯ ಕಾರು ಅತ್ತೆಯದು. ಲವಿನಿಯಾ ಚರಂಡಿಗಿಳಿದು ಅವಳನ್ನು ಎತ್ತಿ ಲಾರಿಯಲ್ಲಿ ಕೂರಿಸಿದಳು. ಅತ್ತೆ ಮಾತ್ರ ಸೇಬಿನ ಪೈ ಮುಗಿದುಹೋಗುತ್ತದೆಂದು ಗದರುತ್ತಿದ್ದಳು. ಅವಳನ್ನು ಮನೆಗೆ ಬಿಟ್ಟು ಲವಿನಿಯಾ ಒದ್ದೆ ಬೂಟಿನಲ್ಲೇ ಸಭೆಗೆ ನುಗ್ಗಿದಳು.

"ಅಧ್ಯಕ್ಷರೇ, ಕೂಗಿದ್ರೆ ಜನ ಆಚೆ ಬರ್ತಾರೆ. ಕೂಗದಿದ್ರೆ ಮನೇಲಿರ್ತಾರೆ. ಹಿಮಗಾಳಿ ಇರೋ ತನಕ ದಯವಿಟ್ಟು ಸುಮ್ನಿರಿ."

ಅವಳು ಹೇಳಿದ್ದು ಸಿಟ್ಟಿಗೆ. ಗುಮಾಸ್ತ ಬರೆದುಕೊಂಡಿದ್ದು ಠರಾವಿಗೆ. ಅದು ಸರ್ವಾನುಮತದಿಂದ ಅಂಗೀಕಾರವಾಗಿ, ಮರುದಿನವೇ ತಿದ್ದುಪಡಿ ಪ್ರಕಟವಾಯಿತು: "ಇನ್ನು ಮುಂದೆ ಹಿಮಗಾಳಿಯ ಎಚ್ಚರಿಕೆಯನ್ನು ನಿಶ್ಶಬ್ದದ ಮೂಲಕ ನೀಡಲಾಗುವುದು. ನಾಗರಿಕರು ಗಮನವಿಟ್ಟು ಆಲಿಸತಕ್ಕದ್ದು. ರಸ್ತೆ ಸುಗಮವಾಗಿದೆಯೆಂದು ಹಿಮದ ಲಾರಿಯ ಚಾಲಕಿ ತಿಳಿಸಿದ ನಂತರವಷ್ಟೇ ಮಧ್ಯಾಹ್ನವಾಗತಕ್ಕದ್ದು. ಆಗದೆ ಉಳಿದ ಮಧ್ಯಾಹ್ನಗಳನ್ನು ಮುಂದಿನ ಶುಭ್ರ ದಿನದಂದು ಪೂರೈಸಲಾಗುವುದು."

ಅಂದಿನಿಂದ ಪೈಕ್ ಹಾಲೋದಲ್ಲಿ ಮಧ್ಯಾಹ್ನ ಒಂದು ದಿನ ಹನ್ನೊಂದಕ್ಕೆ ಆಗುತ್ತಿತ್ತು, ಒಂದು ದಿನ ಮೂರೂವರೆಗೆ. ಫೆಬ್ರವರಿಯಲ್ಲಿ ಮೂರು ದಿನ ಒಂದರ ಹಿಂದೊಂದು ಹಿಮಗಾಳಿ ಬಂದು ಮಧ್ಯಾಹ್ನವೇ ಆಗಲಿಲ್ಲ. ಗುರುವಾರ ಆಕಾಶ ತೆರೆಯಿತು; ಆ ಒಂದೇ ದಿನ ನಾಲ್ಕು ಮಧ್ಯಾಹ್ನಗಳಾದವು. ಬರ್ನೀಸ್ ನಾಲ್ಕು ಊಟ ಬಡಿಸಿದಳು. ಪಾದ್ರಿಗಳು ನಾಲ್ಕು ಸಲವೂ ಭಕ್ತಿಯಿಂದಲೇ ಪ್ರಾರ್ಥಿಸಿದರು. ನಾಲ್ಕನೆಯದು ಸ್ವಲ್ಪ ಚಿಕ್ಕದಿತ್ತು. ನಿಯಮವೆಂದ ಮೇಲೆ ಯಾರೂ ತಟ್ಟೆಯಲ್ಲಿ ಬಿಡಲಿಲ್ಲ. ಚರಂಡಿಗೆ ಒಂದು ಕಾರೂ ಇಳಿಯಲಿಲ್ಲ.

ಆದರೂ ಲವಿನಿಯಾಳಿಗೆ ಅತ್ತೆಯ ಮೇಲೆ ನಂಬಿಕೆ ಬಂದಿರಲಿಲ್ಲ. ಮುಂದಿನ ಸೋಮವಾರ ಹಿಮಗಾಳಿಗೆ ಸಿಕ್ಕಿ ಗುಡ್ಡದ ಮೇಲೆ ಲಾರಿ ನಿಲ್ಲಿಸಿಕೊಂಡಿದ್ದಾಗ, ಮುದುಕಿ ಮನೆಯಲ್ಲೇ ಇದ್ದಾಳೆಯೇ ನೋಡಿ ಎಂದು ಪಕ್ಕದ ಮನೆಯ ಫ್ಲಾಯ್ಡನಿಗೆ ಫೋನು ಮಾಡಿದಳು. ಅವನು ಫೋನನ್ನು ಕಿವಿಗೆ ಹಿಡಿದುಕೊಂಡೇ ಹೋದ. ವಿನಿಫ್ರೆಡ್ ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬಾಗಿಲ ಬಳಿಯ ಕುರ್ಚಿಯಲ್ಲಿ ನಿಶ್ಶಬ್ದವನ್ನು ಆಲಿಸುತ್ತ ಕುಳಿತಿದ್ದಳಂತೆ. ಒಂದೂ ಕಾಲಾಯಿತು, ಇನ್ನೂ ಊಟಕ್ಕೆ ಹೋಗಲಿಲ್ಲವೇ ಎಂದು ಅವನು ಬೇಕೆಂದೇ ಕೆಣಕಿದ.

ಅತ್ತೆಯ ದನಿ ಲಾರಿಯವರೆಗೂ ಕೇಳಿಸಿತು. "ಗಡಿಯಾರ ಏನು ಬೇಕಾದ್ರೂ ಹೇಳ್ಲಿ ಕಣಯ್ಯ. ನಮ್ಮ ಸೊಸೆ ಇನ್ನೂ ಮಧ್ಯಾಹ್ನ ಮಾಡಿಲ್ಲ."

ಫ್ಲಾಯ್ಡ್ ತನ್ನ ಕೈಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಸರಿಮಾಡಿಕೊಂಡ. ಸ್ವಲ್ಪ ಹೊತ್ತಿಗೆ ಗಾಳಿ ನಿಂತಿತು. ಹಿಮ ಕರಗಿಸಲು ರಸ್ತೆಗೆ ಚೆಲ್ಲಿದ ಉಪ್ಪು ತನ್ನ ಕೆಲಸ ಮಾಡಲೆಂದು ಲವಿನಿಯಾ ಮಧ್ಯಾಹ್ನವನ್ನು ಇನ್ನೂ ಹತ್ತು ನಿಮಿಷ ತಡೆದಳು.