ಕಳ್ಳನ ಪಾತ್ರಕ್ಕೆ ಯಾರೂ ಸಿಗಲಿಲ್ಲ

ಮನೆಯಲ್ಲಿ ಏನಾದರೂ ಕಳೆದುಹೋದರೆ ನಮಗೆಲ್ಲ ಚಿಂತೆ, ವೈನಿಗೆ ಮಾತ್ರ ಹಬ್ಬ! ವೈನಿ ಅಂದರೆ ನಮ್ಮಣ್ಣನ ಹೆಂಡತಿ. ದಿನಾ ಆಳಂದದಿಂದ ಬಸ್ಸು ಹಿಡಿದು ಹೋಗಿ ಒಂದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಗೆ ಕನ್ನಡ ಕಲಿಸುತ್ತಾರೆ. ಅದು ಸರಕಾರ ಕೊಟ್ಟ ಕೆಲಸ. ದೇವರು ಕೊಟ್ಟ ಕೆಲಸ ಪತ್ತೇದಾರಿಕೆ. ಕಳೆದದ್ದು ಬೇಗ ಸಿಕ್ಕಿಬಿಟ್ಟರೆ ಅವರ ಮುಖ ಸಪ್ಪಗಾಗುತ್ತದೆ. ಒಮ್ಮೆ ಅವ್ವ ಹುಡುಕುತ್ತಿದ್ದ ಕನ್ನಡಕ ಅವಳ ತಲೆಯ ಮೇಲೇ ಇದೆ ಎಂದು ನಾನು ಬಾಯಿಬಿಟ್ಟೆ. "ನಿನಗ ಯಾರ್ ಕೇಳಿದ್ರು? ಈಗಷ್ಟs ತನಿಖಿ ಸುರು ಮಾಡಿದ್ದೆ" ಎಂದು ಸಂಜೆಯವರೆಗೆ ನನ್ನ ಜೊತೆ ಮಾತು ಬಿಟ್ಟರು.

ಇನ್ನೊಮ್ಮೆ ಡಬ್ಬಿಯಲ್ಲಿನ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಅರ್ಧ ಖಾಲಿಯಾಗಿತ್ತು. ಡಾಕ್ಟರು ಖಾರ ಬಿಡಿಸಿದ್ದ ನಮ್ಮಣ್ಣ ಪೇಪರು ಓದುತ್ತ ಸಾಧುವಿನಂತೆ ಕೂತಿದ್ದ. ಅವ್ವ ಹಿಂದೆ ಮುಂದೆ ನೋಡದೆ ನನ್ನ ಕಡೆ ಬೆರಳು ತೋರಿಸಿದಳು. ವೈನಿ ಕೈಯೆತ್ತಿ ತಡೆದರು. "ಪುರಾವೆ ಎಲ್ಲದರಿ ಅತ್ತಿ? ಪುರಾವೆ ಇಲ್ದ ಯಾರಿಗೂ ಕಳ್ಳ ಅನ್ನಬಾರದು." ಆಮೇಲೆ ಅಣ್ಣನ ಮುಂದೆ ಒಂದು ತಂಬಿಗೆ ನೀರಿಟ್ಟು ಸುಮ್ಮನೆ ಕೂತರು. ಅಣ್ಣ ಗಟಗಟ ಕುಡಿದ. ಇನ್ನೊಂದು ಇಟ್ಟರು. ಅದೂ ಖಾಲಿ.

"ಉಂಡಿದ್ದು ಬರೇ ಮಜ್ಜಿಗಿ ಅನ್ನ. ಇಷ್ಟ್ಯಾಕ ನೀರಡಿಕಿ ಆಗ್ಯಾದ್ರಿ ನಿಮಗ?"

ಅಣ್ಣ ಪೇಪರು ಮಡಚಿಟ್ಟು ತಪ್ಪೊಪ್ಪಿಕೊಂಡ.

ಇಂಥವರ ಶಾಲೆಗೆ ದೊಡ್ಡ ಟಿ.ವಿ. ಬಂದರೆ ಕೇಳಬೇಕೇ? ಪತ್ತೇದಾರಿ ಕಥೆ ಅಂದರೆ ಏನು, ಸುಳಿವು ಯಾವುದು, ಓದುಗರ ದಾರಿ ತಪ್ಪಿಸಲು ಇಟ್ಟದ್ದು ಯಾವುದು, ಎಲ್ಲವನ್ನೂ ಸಿನಿಮಾ ತೋರಿಸಿಯೇ ಕಲಿಸುತ್ತೇನೆಂದು ಹೊರಟರು. ಹಳೆಯ ಕಪ್ಪು ಬಿಳುಪಿನ ಸಿನಿಮಾ ಹಾಕಿ, ಕಳ್ಳ ಯಾರೆಂದು ತಿಳಿಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, "ಹೇಳ್ರಿ ಈಗ" ಎನ್ನುತ್ತಿದ್ದರು.

ಮೊದಲ ಸಲವೇ ಇಡೀ ತರಗತಿ ಒಂದೇ ದನಿಯಲ್ಲಿ ಕಳ್ಳನನ್ನು ಹಿಡಿದುಕೊಟ್ಟಿತು. ಉದ್ದ ಕೋಟು ಹಾಕಿಕೊಂಡು ಓಡಾಡುತ್ತಿದ್ದವನು!

"ಪುರಾವೆ?"

"ಇಂಥಾ ಬಿಸಲಾಗ ಕೋಟ ಯಾಕ ಹಾಕ್ಯಾನ್ರಿ ಟೀಚರ್? ಒಳಗ ಏನೋ ಮುಚ್ಚಿ ಇಟ್ಟಾನ!"

ನಮ್ಮ ಕಡೆಯ ಬಿಸಿಲು ಕಂಡವರು ಈ ವಾದವನ್ನು ತಳ್ಳಿಹಾಕುವುದು ಕಷ್ಟ. ವೈನಿ ತಲೆಯ ಮೇಲೆ ಕೈ ಹೊತ್ತು, "ಅಂವಾ ಪತ್ತೇದಾರ ಅದಾನ್ರೋ!" ಎಂದರು. ಹೀರೋನ ಮೇಲೆ ಯಾರಿಗೂ ಸಂಶಯವಿಲ್ಲವೇ ಎಂದು ಕೇಳಿದರೆ ಮಕ್ಕಳಿಗೇ ಆಶ್ಚರ್ಯ. "ಹಾಡ ಹಾಡಿದಾಂವ ಕಳ್ಳ ಹ್ಯಾಂಗ ಆಗ್ತಾನ್ರಿ?" ಪಾಪ, ಕದ್ದವನು ಅವನೇ! ಅರ್ಧ ಕಥೆ ಮಕ್ಕಳ ಜೊತೆ ಮನೆಮನೆಗೂ ಹೋಯಿತು. ಮರುದಿನ ತಾಯಂದಿರು ರೊಟ್ಟಿ ಬಡಿಯುವುದು ಬಿಟ್ಟು ಶಾಲೆಯ ಗೇಟಿಗೆ ಬಂದು, "ಟೀಚರಮ್ಮ, ಯಾರಂತ ಒಂದ್ ಮಾತ ಹೇಳಿಬಿಡ್ರಿ, ನಿದ್ದಿ ಹತ್ತವಲ್ದು" ಎಂದು ಗೋಗರೆದರು. ವೈನಿ ಹೇಳಿದರೇ? ಊಹೂಂ!

ಹೀಗೆ ನಗುನಗುತ್ತ ನಡೆದಿದ್ದಾಗ ತರಗತಿಯಲ್ಲಿ ಒಬ್ಬ ಹುಡುಗಿಯ ಹೊಸ ಕಂಪಾಸ್ ಬಾಕ್ಸ್ ಕಾಣೆಯಾಯಿತು. ಅಷ್ಟು ಸಿನಿಮಾ ನೋಡಿದ ಮಕ್ಕಳು ಒಂದು ಸುಳಿವನ್ನೂ ಹುಡುಕಲಿಲ್ಲ. ಎಲ್ಲ ಬೆರಳುಗಳೂ ನೇರ ಅದೇ ತರಗತಿಯ ಭಾಗಮ್ಮನ ಕಡೆ ಹೋದವು. ಅವಳಪ್ಪ ಎಂದೋ ಒಂದು ತೊಗರಿ ಚೀಲ ಕದ್ದನೆಂದು ಊರು ಆಡಿಕೊಂಡಿತ್ತು. ಕದ್ದಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಹೆಸರು ಮಾತ್ರ ಉಳಿದುಕೊಂಡಿತ್ತು. ಮರುದಿನ ವೈನಿ ಬಾಕ್ಸು ತಂದುಕೊಟ್ಟು, ಕಪಾಟಿನ ಹಿಂದೆ ಬಿದ್ದಿತ್ತು ಎಂದರು. ಮಕ್ಕಳು ನಂಬಲಿಲ್ಲ. ಹೆದರಿಕೊಂಡು ಅವಳೇ ಅಲ್ಲಿಟ್ಟಿದ್ದಾಳೆ ಎಂದರು! ಭಾಗಮ್ಮ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ಶಾಲೆ ಬಿಡಿಸಿ ಸೊಲ್ಲಾಪುರದ ದೊಡ್ಡವ್ವನ ಮನೆಗೆ ಕಳಿಸುವ ಮಾತು ನಡೆಯಿತು.

ವೈನಿ ಅವಳ ಮನೆಗೆ ಹೋದರು. ಆ ಹುಡುಗಿ ಬಾಗಿಲ ಹಿಂದಿನಿಂದಲೇ ಹೇಳಿದಳಂತೆ, "ಸಿನಿಮಾದಾಗ ಕಡೀಕರೆ ಗೊತ್ತಾಗ್ತದ್ರಿ ಟೀಚರ್. ನಮ್ಮೂರಾಗ ಎಲ್ಲಾರಿಗೂ ಮೊದ್ಲs ಗೊತ್ತಿರ್ತದ."

ಅವತ್ತು ವೈನಿಗೆ ಊಟ ಸೇರಲಿಲ್ಲ. ತಾಟು ಸರಿಸಿ ನನ್ನ ಕಡೆ ತಿರುಗಿದರು. "ಏ ಮೈದುನಾ, ನಾವs ಒಂದು ಸಿನಿಮಾ ಮಾಡೋಣು. ಕ್ಯಾಮೆರಾ ತಗೊಂಡ್ ಬಾ. ಭಾಗಮ್ಮ ಪತ್ತೇದಾರ."

ನಾನು ಆಳಂದದಲ್ಲಿ ಮದುವೆ ವಿಡಿಯೋ ಮಾಡಿ ಹೊಟ್ಟೆ ಹೊರೆಯುವವನು. ಅಕ್ಷತೆ, ಊಟದ ಪಂಕ್ತಿ, ಅಳುವ ತಾಯಿ, ಇಷ್ಟೇ ನನ್ನ ಪ್ರಪಂಚ. ಬೇಡವೆಂದರೆ ಬಿಟ್ಟಾರೆಯೇ? ಕಥೆ ಸರಳವಾಗಿತ್ತು. ಶಾಲೆಯ ಗಂಟೆ ಕಳವಾಗುತ್ತದೆ, ಊರೆಲ್ಲ ಒಬ್ಬ ಬಡ ಹಣ್ಣಿನವಳ ಮೇಲೆ ಬೆರಳು ತೋರಿಸುತ್ತದೆ, ಪತ್ತೇದಾರ ಹುಡುಗಿ ನಿಜವಾದ ಕಳ್ಳನನ್ನು ಹಿಡಿಯುತ್ತಾಳೆ. ಹೀರೋಯಿನ್ ಪಾತ್ರವೆಂದು ತಿಳಿದು ಭಾಗಮ್ಮನ ತಾಯಿಯೇ ಅವಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿ ಕರೆತಂದಳು. ಶೂಟಿಂಗಿಗೆ ಮಾತ್ರ, ಶಾಲೆಗಲ್ಲ ಎಂಬ ಕರಾರಿನ ಮೇಲೆ.

ಎಲ್ಲ ಪಾತ್ರಕ್ಕೂ ಜನ ಸಿಕ್ಕರು. ಕಳ್ಳನ ಪಾತ್ರಕ್ಕೆ ಸಿಗಲಿಲ್ಲ! ಒಬ್ಬ ಹುಡುಗ ಒಪ್ಪಿದ್ದ. ಅವನ ತಂದೆ ಓಡಿಬಂದರು. "ಬ್ಯಾಡ್ರಿ ಟೀಚರ್, ಊರಾಗ ಒಮ್ಮೆ ಕಳ್ಳ ಅಂದ್ರ ಮುಗೀತು. ನಾಳೆ ಇವನಿಗಿ ಹೆಣ್ಣ ಯಾರ್ ಕೊಡ್ತಾರ್ರಿ?" ವರನಿಗೆ ಆಗಿನ್ನೂ ಮೀಸೆಯ ಸುಳಿವೇ ಇರಲಿಲ್ಲ. ಹೆಡ್ಮಾಸ್ತರರು ನಿವೃತ್ತಿ ಹತ್ತಿರ ಬಂದಿದೆ ಎಂದರು. ಚಹಾದಂಗಡಿಯ ಚಾಚಾ, "ಅಲ್ಲಾ ಕಸಂ, ಕೊಲೆಗಾರನ ಪಾರ್ಟ್ ಇದ್ರ ಕೊಡ್ರಿ, ಮಾಡ್ತೇನಿ. ಕಳ್ಳ ಬ್ಯಾಡ್ರಿ, ದುಕಾನಕ್ಕ ಗಿರಾಕಿ ಬರಂಗಿಲ್ಲ" ಎಂದರು. ನಾನು? ನಾನು ಕ್ಯಾಮೆರಾದ ಹಿಂದೆ ಅಡಗಿಕೊಂಡೆ.

ಕೊನೆಗೆ ವೈನಿಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಾನs ಕಳ್ಳಿ ಆಗ್ತೇನಿ" ಎಂದರು.

ಅಂಥ ದಡ್ಡ ಕಳ್ಳಿಯನ್ನು ನಾನು ನೋಡಿಲ್ಲ. ಜೋಳದ ಹಿಟ್ಟು ತುಳಿದು ಅಂಗಳದ ತುಂಬ ಹೆಜ್ಜೆ ಮೂಡಿಸಿದರು. ಬಳೆಚೂರು ಬಿಟ್ಟರು. ಕರವಸ್ತ್ರ ಬೀಳಿಸಿದರು. ಗಂಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಢಣಢಣ ಬಾರಿಸುತ್ತಲೇ ಓಡಿದರು. "ಇಷ್ಟ್ ಪುರಾವೆ ಬಿಟ್ಟು ಹೋಗೋ ಕಳ್ಳಿ ಎಲ್ಲರೆ ಇರ್ತಾಳೇನ್ರಿ ವೈನಿ?" ಎಂದರೆ, "ಸುಮ್ಮನ ಕೂಡ್ರೋ, ಸಣ್ಣ ಹುಡುಗಿ, ಸಿಗಬೇಕಲ್ಲ ಅಕಿಗಿ" ಎಂದರು. ಭಾಗಮ್ಮ ಒಂದು ಸುಳಿವನ್ನು ದಾಟಿಹೋದಾಗ ಕಳ್ಳಿಯೇ ಮರದ ಮರೆಯಿಂದ ತಲೆ ಹಾಕಿ, "ಭಾಗಮ್ಮಾ, ಎಡಕ್ಕ ನೋಡವಾ!" ಎಂದು ಕೂಗಿದರು.

ಶಾಲೆಯ ಗೋಡೆಗೆ ಪರದೆ ಕಟ್ಟಿ ಸಿನಿಮಾ ತೋರಿಸಿದ ದಿನ ಊರಿಗೆ ಊರೇ ಬಂದಿತ್ತು. ನನ್ನ ಮದುವೆ ವಿಡಿಯೋ ಚಾಳಿ ಎಲ್ಲಿ ಹೋದೀತು? ಕಳ್ಳಿ ಬರುವ ದೃಶ್ಯಕ್ಕೆ ಸರಿಯಾಗಿ ಪರದೆಯ ಮೇಲೆಲ್ಲ ಗುಲಾಬಿ ಎಸಳು ಉದುರಿದವು, ಶಹನಾಯಿ ಮೊಳಗಿತು! ಜನ ಬಿದ್ದು ಬಿದ್ದು ನಕ್ಕರು. ಆದರೆ ಹಣ್ಣಿನವಳನ್ನು ಎಲ್ಲರೂ ಸುತ್ತುವರಿದಾಗ ಪರದೆಯ ಮೇಲಿನ ಭಾಗಮ್ಮ ಅಡ್ಡ ನಿಂತು, "ತಡೀರಿ! ಪುರಾವೆ ಎಲ್ಲದ?" ಎಂದಳು ನೋಡಿ, ನಗು ನಿಂತುಹೋಯಿತು. ಜನರ ನಡುವೆ ಕೂತಿದ್ದ ಅವಳಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

ಮರುವಾರ ನಾನು ಶಾಲೆಗೆ ಹೋದಾಗ ಗೇಟಿನಲ್ಲಿ ಮಕ್ಕಳ ಗದ್ದಲ. "ಕಳ್ಳಿ ಟೀಚರ್ ಬಂದ್ರು! ಕಳ್ಳಿ ಟೀಚರ್ ಬಂದ್ರು!" ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವಳು ಭಾಗಮ್ಮ. ಬೆನ್ನ ಮೇಲೆ ಪಾಟಿಚೀಲ ಇತ್ತು. ವೈನಿ ಮೆರವಣಿಗೆಯಲ್ಲಿ ಬಂದವರಂತೆ ಎಲ್ಲರಿಗೂ ಕೈಬೀಸುತ್ತ ಒಳಗೆ ಬಂದರು. ನನಗೆ ಸಿಟ್ಟು ಬಂತು.

"ಕಪಾಟಿನ ಹಿಂದ ಬಿದ್ದ ಒಂದು ಡಬ್ಬಿ ಸಲುವಾಗಿ ಇಷ್ಟೆಲ್ಲಾ ಯಾಕ ಬೇಕಿತ್ತರಿ ವೈನಿ? ಈ ಹೆಸರು ಇನ್ನ ಹೋಗಂಗಿಲ್ಲ."

"ಕಪಾಟಿನ ಹಿಂದ ಎಲ್ಲಿ ಬಿದ್ದಿತ್ತೋ?" ಎಂದು ವೈನಿ ದನಿ ತಗ್ಗಿಸಿದರು. "ತಗೊಂಡ ಕೂಸು ಅವತ್ತs ನನ್ನ ಕೈಯಾಗ ಕೊಟ್ಟು ಭಾಳ ಅತ್ತಿತ್ತು."

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ಕಳ್ಳಿ ಅನ್ನೋ ಹೆಸರು ಭಾಗಮ್ಮನ ಮ್ಯಾಲಿಂದ ತಗದು ಆ ಕೂಸಿನ ಮ್ಯಾಲೆ ಹಾಕ್ತಿದ್ರು. ಅದು ಜಲ್ಮ ಪೂರ್ತಿ ಹೊತ್ಕೊಂಡು ತಿರಗಬೇಕಾಗ್ತಿತ್ತು. ನನಗೇನಪಾ? ನೌಕರಿ ಅದ, ಮದಿವಿ ಆಗ್ಯಾದ!"

ನಗಿಸಲೆಂದೇ ಹಾಗೆ ಹೇಳಿದರು. ನನಗೆ ನಗು ಬರಲಿಲ್ಲ. ವೈನಿ ಅಷ್ಟರಲ್ಲಿ ಅಂಗಳಕ್ಕಿಳಿದು ಪ್ರಾರ್ಥನೆಗೆ ಸಾಲು ನಿಲ್ಲಿಸುತ್ತಿದ್ದರು. ನಾನು ಕಂಬಕ್ಕೆ ಒರಗಿ ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡತೊಡಗಿದೆ, ಯಾವುದಿರಬಹುದು ಎಂದು. ಸ್ವಲ್ಪ ಹೊತ್ತಿನಲ್ಲಿ ನನಗೇ ನಾಚಿಕೆಯಾಗಿ ನೋಡುವುದನ್ನು ಬಿಟ್ಟೆ.